ಅಪ್ಪನಿಗೂ 15 ದಿನ ಕೊಡಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆ ಕೊಡುವ ನೀತಿಗೆ ಒಪ್ಪಿಗೆ ನೀಡಿತು. ಸರ್ಕಾರಿ ಕಚೇರಿಗಳಿಗಷ್ಟೇ ಅಲ್ಲ, ಗಾರ್ಮೆಂಟ್ಸ್, ಐಟಿ ಕಂಪನಿ, ಖಾಸಗಿ ಕಾರ್ಖಾನೆಗಳಿಗೂ ಅದು ಅನ್ವಯ ಎಂದು ಓದಿದಾಗ ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ದುಡಿಯುವವರಿಗೂ ಮೈ ಇದೆ, ಮನೆ ಇದೆ ಎಂಬುದನ್ನು ಒಪ್ಪಿಕೊಂಡ ಸರ್ಕಾರ ಇನ್ನೊಂದು ಮಾತಿಗೂ ಕಿವಿಗೊಟ್ಟೀತು ಎಂಬ ಭರವಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಊರು ಹಾವೇರಿ ಜಿಲ್ಲೆ. ಇತ್ತೀಚೆಗೆ ಹೆಣ್ಣು ಮಗುವಿನ ತಂದೆಯಾಗಿದ್ದೇನೆ. ಇದು ನಮ್ಮ ಮೊದಲ ಮಗು. ನನ್ನ ಬೇಡಿಕೆ ಒಂದೇ. ಕರ್ನಾಟಕದಲ್ಲಿ ಮಗು ಹುಟ್ಟಿದಾಗ, ತಂದೆಗೆ ಸಂಬಳ ಕೊಡುವವರು ಯಾರೇ ಆಗಿರಲಿ, ಅವನಿಗೆ ಕನಿಷ್ಠ 15 ದಿನಗಳ ವೇತನಸಹಿತ ಪಿತೃತ್ವ ರಜೆ ಕಾಯ್ದೆಯ ಮೂಲಕವೇ ಸಿಗಬೇಕು.

15 ದಿನ ಎಂಬ ಲೆಕ್ಕ ನನ್ನದಲ್ಲ, ಸರ್ಕಾರದ್ದೇ. ಕೇಂದ್ರ ಸರ್ಕಾರ 1997ರಲ್ಲಿಯೇ ತನ್ನ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆ ನೀಡಿತು. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಮಗುವಿಗೆ ಆರು ತಿಂಗಳಾಗುವುದರೊಳಗೆ ಅವರು ಅದನ್ನು ಬಳಸಿಕೊಳ್ಳಬಹುದು. ನಮ್ಮ ರಾಜ್ಯ ಸರ್ಕಾರಿ ನೌಕರರಿಗೂ 15 ದಿನ ಉಂಟು. ಆದರೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ತಂದೆಯ ರಜೆಯ ಬಗ್ಗೆ ಏನನ್ನೂ ಹೇಳಿರಲಿಲ್ಲ. 2017ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ತಾಯಿಯ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದಾಗಲೂ ತಂದೆಗೆ ಒಂದು ದಿನ ಸಿಗಲಿಲ್ಲ. ಅದೇ ವರ್ಷ ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ ಅವರು ಲೋಕಸಭೆಯಲ್ಲಿ ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. 15 ದಿನಗಳ ರಜೆ, ಬೇಕಾದರೆ ಮೂರು ತಿಂಗಳವರೆಗೆ ವಿಸ್ತರಣೆ, ಅಸಂಘಟಿತ ವಲಯದವರಿಗೂ ಅನ್ವಯ ಎಂದು ಅದರಲ್ಲಿತ್ತು. ಅದು ಕಾಯ್ದೆಯಾಗಲಿಲ್ಲ. ಸಾತವ್ ಅವರು 2021ರಲ್ಲಿ ತೀರಿಕೊಂಡರು. ಆ 1961ರ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಾಗಲಾದರೂ ಈ ಕೊರತೆ ನೀಗಬಹುದೆಂದು ಹಲವರು ಕಾದಿದ್ದರು. ಅದರಲ್ಲೂ ತಂದೆಯ ರಜೆಯ ಪ್ರಸ್ತಾಪವಿಲ್ಲ.

ನನ್ನ ಹೆಂಡತಿಯ ಪಕ್ಕದ ಹಾಸಿಗೆಯಲ್ಲಿ ಹೆರಿಗೆಯಾಗಿದ್ದ ಹೆಣ್ಣುಮಗಳ ಗಂಡ ಸರ್ಕಾರಿ ಶಾಲೆಯ ಶಿಕ್ಷಕರು. ಎರಡು ವಾರ ರಜೆ ಹಾಕಿ ನೆಮ್ಮದಿಯಾಗಿ ಬಂದಿದ್ದರು. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರಿಗೆ ಸಿಕ್ಕಿದ್ದು ಸರಿಯಾದದ್ದೇ. ಆದರೆ ಅವರ ಮಗುವೂ ನನ್ನ ಮಗುವೂ ಹುಟ್ಟಿದ್ದು ಒಂದೇ ಆಸ್ಪತ್ರೆಯಲ್ಲಿ. ಎರಡೂ ಎರಡು ಗಂಟೆಗೊಮ್ಮೆ ಹಾಲಿಗೆ ಅಳುತ್ತಿದ್ದವು. ಎರಡರ ತಾಯಂದಿರಿಗೂ ಹೊಟ್ಟೆಗೆ ಹೊಲಿಗೆ ಬಿದ್ದಿತ್ತು. ಒಂದು ಮಗುವಿನ ಅಪ್ಪ ಮನೆಯಲ್ಲಿರಬೇಕು, ಇನ್ನೊಂದರ ಅಪ್ಪ ಪಾಳಿಗೆ ಹೋಗಬೇಕು ಎಂದು ಯಾವ ನ್ಯಾಯ ಹೇಳುತ್ತದೆ?

‘ನಿಮ್ಮ ಮನೆಯಲ್ಲಿ ಹೆಂಗಸರಿಲ್ಲವೇ?’ ರಜೆ ಕೇಳಲು ಹೋದಾಗ ನನಗೆ ಎದುರಾದ ಪ್ರಶ್ನೆ ಇದು. ಕೇಳಿದವರು ಕೆಟ್ಟವರಲ್ಲ. ಅವರ ಕಾಲದಲ್ಲಿ ಹಾಗೆಯೇ ನಡೆದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ತಾಯಿ, ಅಜ್ಜಿ, ಚಿಕ್ಕಮ್ಮ, ಓಣಿಯ ಹೆಂಗಸರು ಸೇರಿ ಬಾಣಂತನ ಮಾಡಬೇಕು, ಅಳಿಯ ತೊಟ್ಟಿಲಿಗೆ ಹಾಕುವ ದಿನ ಬಂದು ಮಗುವಿನ ಮುಖ ನೋಡಿ ಹೋಗಬೇಕು ಎಂಬುದು ನಮ್ಮ ಕಡೆಯ ವಾಡಿಕೆ. ಆ ಏರ್ಪಾಡಿನಲ್ಲಿ ಒಂದು ದೊಡ್ಡ ಒಳ್ಳೆಯತನವಿತ್ತು. ಬಾಣಂತಿ ಎಂದರೆ ಕೂತು ಉಣ್ಣಬೇಕಾದವಳು, ಮೈಗೆ ಎಣ್ಣೆ ಬಿಸಿನೀರು ಕಾಣಬೇಕಾದವಳು, ಮಲಗಬೇಕಾದವಳು ಎಂದು ಇಡೀ ಊರು ಒಪ್ಪಿಕೊಂಡಿತ್ತು. ಅಂಟಿನುಂಡೆ, ಅಳವಿ ಪಾಯಸ, ಬೆಳ್ಳುಳ್ಳಿ ಹಾಕಿದ ಸಾರು, ಅಗ್ಗಿಷ್ಟಿಕೆಯ ಮೇಲೆ ಲೋಬಾನದ ಹೊಗೆ, ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಕೌದಿ, ಇವೆಲ್ಲದರ ಹಿಂದೆ ಇದ್ದದ್ದು ಸಂಬಳವಿಲ್ಲದೆ ಹಗಲಿರುಳು ದುಡಿಯುವ ನಾಲ್ಕೈದು ಜೊತೆ ಕೈಗಳು.

ಆ ಕೈಗಳು ಈಗ ಎಲ್ಲಿವೆ? ನನ್ನ ಅತ್ತೆಯವರು ಮಗಳ ಮದುವೆಗೂ ಮುಂಚೆಯೇ ತೀರಿಕೊಂಡಿದ್ದರು. ಹಾಗಾಗಿ ನನ್ನ ಹೆಂಡತಿಗೆ ತವರುಮನೆ ಇದ್ದರೂ ಬಾಣಂತನದ ತವರಿರಲಿಲ್ಲ. ನಮ್ಮ ಅವ್ವ ಊರಿನಿಂದ ಬಂದಳು. ಆದರೆ ಮೊಣಕಾಲು ನೋವಿನ ಅವ್ವನಿಗೆ ನಮ್ಮ ಮೂರನೆಯ ಮಹಡಿಯ ಬಾಡಿಗೆ ಮನೆ ಹತ್ತಿಳಿಯುವುದೇ ಕಷ್ಟ. ಊರಿನಲ್ಲಿ ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಬಹಳ ದಿನ ಇರುವಂತೆಯೂ ಇರಲಿಲ್ಲ. ಇದು ನಮ್ಮೊಬ್ಬರ ಕಥೆಯಲ್ಲ. ದಾಸರಹಳ್ಳಿಯಿಂದ ಬೊಮ್ಮಸಂದ್ರದವರೆಗೆ ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡಿರುವ ಕಲಬುರಗಿ, ರಾಯಚೂರು, ಹಾಸನ, ಚಾಮರಾಜನಗರದ ಹುಡುಗರನ್ನು ಕೇಳಿ ನೋಡಿ. ಕೆಲವರ ಅತ್ತೆಯಂದಿರೇ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಾರೆ. ಮಗಳ ಬಾಣಂತನಕ್ಕೆಂದು ಅವರಿಗೆ ಯಾರು ರಜೆ ಕೊಡುತ್ತಾರೆ?

ಹೆರಿಗೆಯೂ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಇದು ನಾವೆಲ್ಲ ಸಂತೋಷಪಡಬೇಕಾದ ಸಂಗತಿ. ಅದೇ ಸಮೀಕ್ಷೆಯಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಹೆರಿಗೆ ಸಿಸೇರಿಯನ್. ಹೊಟ್ಟೆ ಕೊಯ್ದು ಹೊಲಿದ ಹೆಂಗಸು ಸುಧಾರಿಸಿಕೊಳ್ಳಲು ಸುಮಾರು ಆರು ವಾರ ಬೇಕೆಂದು ವೈದ್ಯರು ಹೇಳುತ್ತಾರೆ. ಮಗುವಿಗಿಂತ ಭಾರವಾದದ್ದನ್ನು ಎತ್ತಬೇಡಿ ಎಂದು ಹೇಳಿ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ನೀರು ತುಂಬಿದ ಬಕೆಟ್ ಎತ್ತುವವರು ಯಾರು ಎಂದು ಬಿಡುಗಡೆ ಚೀಟಿಯಲ್ಲಿ ಬರೆದಿರುವುದಿಲ್ಲ.

ಹುಟ್ಟಿದಾಗ ನಮ್ಮ ಮಗಳ ತೂಕ ಎರಡೂವರೆ ಕಿಲೋಗಿಂತ ತುಸು ಕಡಿಮೆ ಇತ್ತು. ಶಸ್ತ್ರಚಿಕಿತ್ಸೆಯ ಮರುದಿನ ನನ್ನ ಹೆಂಡತಿ ಎದ್ದು ಕೂರಲಾರದೆ ಇದ್ದಾಗ ಒಬ್ಬ ನರ್ಸಮ್ಮ ನನ್ನನ್ನು ಕರೆದು, ಅಂಗಿ ಬಿಚ್ಚಿಸಿ, ಕುರ್ಚಿಯಲ್ಲಿ ಒರಗಿ ಕೂರಿಸಿ, ಮಗುವನ್ನು ನನ್ನ ಎದೆಯ ಮೇಲೆ ಬೋರಲು ಮಲಗಿಸಿ ಮೇಲೊಂದು ಶಾಲು ಹೊದಿಸಿದರು. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ಶುರುಮಾಡಿದ್ದಂತೆ. ಕಡಿಮೆ ತೂಕದ ಮಕ್ಕಳ ಜೀವ ಉಳಿಸುವ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಇಂದು ಎಲ್ಲ ದೇಶಗಳಿಗೂ ಶಿಫಾರಸು ಮಾಡುತ್ತದೆ. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಗಳಿಂದ ಹಳ್ಳಿಯ ಮನೆಗಳವರೆಗೆ ಇದನ್ನು ಒಯ್ಯುವ ದೊಡ್ಡ ಪ್ರಯತ್ನ ನಡೆದಿದೆ. ತಾಯಿಗೆ ಆಗದಿದ್ದಾಗ ತಂದೆಯ ಎದೆಯೂ ಆದೀತು. ಮಗುವಿಗೆ ಬೇಕಾದದ್ದು ಮೈಯ ಬಿಸುಪು, ಎದೆಬಡಿತ, ಪರಿಚಿತ ದನಿ. ಆ ಹೊತ್ತಿನಲ್ಲಿ ನನಗೆ ಏನಾಯಿತೆಂದು ಹೇಳಲು ನಾನು ಕವಿಯಲ್ಲ. ಆದರೆ ಅಲ್ಲಿಂದ ಮುಂದೆ ಮಗುವನ್ನು ಎತ್ತಲು ನನ್ನ ಕೈ ಹೆದರಲಿಲ್ಲ ಎಂಬುದು ಸತ್ಯ. ಆಸ್ಪತ್ರೆಯಲ್ಲಿ ಅಪ್ಪ ಎಂದರೆ ಕಾಗದಕ್ಕೆ ಸಹಿ ಹಾಕುವವನು, ಔಷಧಿ ತರುವವನು, ಕೌಂಟರಿನಲ್ಲಿ ದುಡ್ಡು ಕಟ್ಟುವವನು ಎಂದುಕೊಂಡಿದ್ದೆ. ಆ ನರ್ಸಮ್ಮ ನನಗೆ ಬೇರೆ ಕೆಲಸ ಕೊಟ್ಟರು. ಅವರಿಗೆ ನಾನು ಋಣಿ.

ಮೂರನೆಯ ದಿನ ಮಗುವಿನ ಕಣ್ಣು ಹಳದಿಗಟ್ಟಿತು. ನವಜಾತ ಶಿಶುಗಳಲ್ಲಿ ಕಾಮಾಲೆ ಸಾಮಾನ್ಯ, ಮೂರರಿಂದ ಐದನೆಯ ದಿನದ ಹೊತ್ತಿಗೆ ಏರುತ್ತದೆ, ಬಹುಪಾಲು ತಾನೇ ಇಳಿಯುತ್ತದೆ. ನೋಡಲು ಬಂದವರೆಲ್ಲ ಬೆಳಗಿನ ಬಿಸಿಲಿಗೆ ಹಿಡಿಯಿರಿ, ಸಾಕು ಎಂದರು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಮಟ್ಟ ಹೆಚ್ಚಿದೆ, ಬಿಸಿಲು ಇದಕ್ಕೆ ಚಿಕಿತ್ಸೆಯಲ್ಲ ಎಂದು ಹೇಳಿ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ಫೋಟೋಥೆರಪಿಯ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಆ ಎರಡು ರಾತ್ರಿ ಹಾಲು ಹಿಂಡಿಸಿ ತರುವುದು, ಒಳಲೆಯಲ್ಲಿ ಕುಡಿಸುವುದು, ಎಷ್ಟು ಸಲ ಮೂತ್ರ ಮಾಡಿತೆಂದು ಬರೆದಿಡುವುದು ಇವೆಲ್ಲ ನನ್ನ ಪಾಲಿನವು. ನಾನು ಆ ಹೊತ್ತಿನಲ್ಲಿ ಪೀಣ್ಯದಲ್ಲಿ ಬೇರಿಂಗ್ ಅಳೆಯುತ್ತಿದ್ದರೆ ಹೊಲಿಗೆ ಹಾಕಿಸಿಕೊಂಡ ನನ್ನ ಹೆಂಡತಿಯೇ ವಾರ್ಡಿನಿಂದ ಆ ಕೋಣೆಗೆ ಗೋಡೆ ಹಿಡಿದು ನಡೆದಾಡಬೇಕಿತ್ತು.

ಮನೆಗೆ ಬಂದ ಮೇಲೆ ಹಗಲಿಗೂ ಇರುಳಿಗೂ ವ್ಯತ್ಯಾಸ ಉಳಿಯಲಿಲ್ಲ. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಹದಿನಾರು ಗಂಟೆ ಮಲಗುತ್ತದೆ ಎನ್ನುತ್ತಾರೆ, ಆದರೆ ಆ ನಿದ್ದೆ ಚೂರು ಚೂರಾಗಿ ಬರುತ್ತದೆ. ಹಾಲು ಕುಡಿಸುವುದೊಂದು ತಾಯಿಯಿಂದಲೇ ಆಗಬೇಕಾದ ಕೆಲಸ. ಅದರ ಹಿಂದುಮುಂದಿನದೆಲ್ಲ ತಂದೆಯಿಂದ ಆಗುತ್ತದೆ. ಮಗುವನ್ನು ಎಬ್ಬಿಸಿ ತಾಯಿಯ ಮಡಿಲಿಗೆ ಕೊಡುವುದು, ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ಸವರುವುದು, ಬಟ್ಟೆ ಬದಲಿಸುವುದು, ಒದ್ದೆ ಲಂಗೋಟಿಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸುವುದು, ತಾಯಿಯ ಕೈಗೆ ನೀರಿನ ಲೋಟ ಇಡುವುದು. ಮೊದಲ ದಿನಗಳ ಕಪ್ಪು ಮಲ ಹಸಿರಾಗಿ ಆಮೇಲೆ ಹಳದಿಗೆ ತಿರುಗಿದರೆ ಹಾಲು ಸಾಲುತ್ತಿದೆ ಎಂದು ತಿಳಿಯಬೇಕು ಎಂಬುದನ್ನು ನಾನು ಕಲಿತಿದ್ದು ಹೀಗೆ. ಹುಟ್ಟಿದ ಮೇಲೆ ಮಗುವಿನ ತೂಕ ಸ್ವಲ್ಪ ಇಳಿದು ಎರಡು ವಾರದೊಳಗೆ ಮತ್ತೆ ಹುಟ್ಟಿದಾಗಿನ ಮಟ್ಟಕ್ಕೆ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಮ್ಮ ಮನೆಯಲ್ಲಿ ಅಷ್ಟು ಅಳು ಇರುತ್ತಿರಲಿಲ್ಲ.

ಇನ್ನೊಂದು ಕೆಲಸ ಅಪ್ಪನಿಂದಲೇ ಆಗಬೇಕಾದದ್ದು. ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಮಗುವನ್ನು ನೋಡಲು ಬಂದ ಹಿರಿಯರು ಪ್ರೀತಿಯಿಂದಲೇ ನಾಲಿಗೆಗೆ ಜೇನು ಹಚ್ಚಲು ಹೋಗುತ್ತಾರೆ, ಮೂಗಿಗೆ ಎಣ್ಣೆ ಬಿಡಲು ಹೇಳುತ್ತಾರೆ, ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಿಸುವವರೂ ಇದ್ದಾರೆ. ಒಂದು ವರ್ಷ ತುಂಬುವ ತನಕ ಜೇನು ಕೊಡಬಾರದು, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಎಂದು ವೈದ್ಯರು ಹೇಳಿರುತ್ತಾರೆ. ಸೊಸೆಯಾದವಳು ಹಿರಿಯರಿಗೆ ಬೇಡ ಎನ್ನಲಾರಳು. ಎಂದರೆ ಓದಿದವಳ ಸೊಕ್ಕು ಎನಿಸಿಕೊಳ್ಳುತ್ತಾಳೆ. ಮಗ ಹೇಳಿದರೆ ಆ ಮಾತು ನಡೆಯುತ್ತದೆ. ‘ಅವ್ವಾ, ಡಾಕ್ಟರು ಬೇಡ ಅಂದಿದ್ದಾರೆ, ನಾನು ಬೇಡ ಅನ್ನುತ್ತಿದ್ದೇನೆ’ ಎಂದು ಹೇಳಲು ಮಗ ಮನೆಯಲ್ಲಿ ಇರಬೇಕಲ್ಲ!

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ನಮ್ಮ ಬಡಾವಣೆಗೆ ಬರುವ ಆಶಾ ಅಕ್ಕನಿಗೆ ಕೈಮುಗಿದು ಹೇಳುತ್ತೇನೆ, ಅವರು ಅಷ್ಟೂ ಮಹಡಿ ಹತ್ತಿ ಬಂದರು. ಮೊದಲ ಸಲ ಬಂದಾಗ ಬಾಗಿಲಲ್ಲೇ ‘ಮನೆಯಲ್ಲಿ ಅತ್ತೆ ಇಲ್ಲವೇ?’ ಎಂದು ಕೇಳಿದರು. ಇಲ್ಲ, ನಾನಿದ್ದೇನೆ ಎಂದೆ. ಕ್ಷಣ ಹೊತ್ತು ನೋಡಿ ಒಳಗೆ ಬಂದು ಕೂತು, ಮಗುವಿನ ಉಸಿರು ಎಣಿಸುವುದನ್ನು ನನಗೇ ಕಲಿಸಿದರು. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಎದೆಗೂಡು ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಎಳೆಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಅಂಗೈ ಅಂಗಾಲು ಹಳದಿಯಾದರೆ ಒಂದು ಗಂಟೆಯೂ ಕಾಯಬೇಡಿ ಎಂದರು. ಈ ಮಾಹಿತಿ ತಂದೆಗೆ ತಲುಪಬೇಕು. ನಡುರಾತ್ರಿ ಆಟೊ ಹುಡುಕಿ ಆಸ್ಪತ್ರೆಗೆ ಓಡುವವನು ಅವನೇ. ಇಲಾಖೆಯ ಕೈಪಿಡಿಗಳಲ್ಲಿ, ತಾಯಿ ಕಾರ್ಡಿನಲ್ಲಿ ತಂದೆಗೂ ಒಂದು ಪುಟ ಮೀಸಲಿಡಿ ಎಂದು ಆರೋಗ್ಯ ಸಚಿವರಿಗೂ ಇದೇ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಹೆತ್ತ ಮೊದಲ ವಾರಗಳಲ್ಲಿ ತಾಯಿ ಕಾರಣವಿಲ್ಲದೆ ಅಳುವುದುಂಟು. ಎರಡು ವಾರದೊಳಗೆ ಅದು ಕಡಿಮೆಯಾಗದೆ ನಿದ್ದೆ ಬಂದರೂ ಮಲಗಲಾರಳು, ಮಗುವನ್ನು ನೋಡಲೂ ಮನಸ್ಸಿಲ್ಲ ಎಂಬ ಸ್ಥಿತಿ ಬಂದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ‘ದೃಷ್ಟಿ ತಾಗಿದೆ’ ಎಂದೋ ‘ಸೋಮಾರಿತನ’ ಎಂದೋ ತಳ್ಳಿಹಾಕದೆ ಅದನ್ನು ಗುರುತಿಸುವವರು ಯಾರು? ಅವಳನ್ನು ಬಲ್ಲವನು, ಅವಳ ಜೊತೆ ರಾತ್ರಿ ಎದ್ದಿರುವವನು ಗುರುತಿಸಬಲ್ಲ. ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಈ ಪತ್ರ ಓದುವ ಹೊಸ ಅಪ್ಪಂದಿರು ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲಿ.

ಗಂಡಸಿಗೆ ಮಗುವಿನ ಆರೈಕೆ ಸಹಜವಲ್ಲ ಎಂಬ ಮಾತು ಕೇಳುತ್ತಲೇ ಇರುತ್ತೇವೆ. ಫಿಲಿಪ್ಪೀನ್ಸ್‌ನ ಸೆಬು ನಗರದಲ್ಲಿ ಆರುನೂರಕ್ಕೂ ಹೆಚ್ಚು ಯುವಕರನ್ನು ವರ್ಷಗಳ ಅಂತರದಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಂದೆಯಾದವರ ಮೈಯಲ್ಲಿ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನ್ ಗಣನೀಯವಾಗಿ ಇಳಿದದ್ದು ಕಂಡುಬಂದಿತು. ಮಗುವಿನ ಆರೈಕೆಗೆ ಹೆಚ್ಚು ಹೊತ್ತು ಕೊಟ್ಟವರಲ್ಲಿ ಅದು ಇನ್ನೂ ಕಡಿಮೆ ಇತ್ತು. ಎಂದರೆ ಗಂಡಸಿನ ಮೈಯೂ ಮಗುವಿಗಾಗಿ ಬದಲಾಗುತ್ತದೆ. ಹತ್ತಿರ ಇರಲು ಅವಕಾಶ ಬೇಕು ಅಷ್ಟೆ. ಮೊದಲ ಎರಡು ವಾರ ದೂರ ಉಳಿದ ಅಪ್ಪ ಮರಳಿ ಬರುವಾಗ ತಾಯಿ ಎಲ್ಲವನ್ನೂ ಕಲಿತಿರುತ್ತಾಳೆ. ಇವನು ಎತ್ತಿದರೆ ಮಗು ಅಳುತ್ತದೆ, ಅತ್ತೊಡನೆ ತಾಯಿಗೆ ಕೊಡುತ್ತಾನೆ. ಆಮೇಲೆ ಹಲವು ಮನೆಗಳಲ್ಲಿ ಅದೇ ರೂಢಿಯಾಗಿ ಉಳಿಯುತ್ತದೆ.

ಇನ್ನು ಕಾರ್ಖಾನೆಯ ಮಾತಿಗೆ ಬರುತ್ತೇನೆ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಗಳಿಕೆ ರಜೆ ನಮಗೆ ಸಿಗುತ್ತದೆ. 15 ದಿನ ಕೂಡಿಸಲು 300 ದಿನ ದುಡಿಯಬೇಕು. ಹಬ್ಬ, ಜ್ವರ, ಅಪ್ಪನ ಆಸ್ಪತ್ರೆ ಎಂದು ಅದು ಮೊದಲೇ ಕರಗಿರುತ್ತದೆ. ನನಗೆ ಉಳಿದಿದ್ದ ಗಳಿಕೆ ರಜೆ ಆಸ್ಪತ್ರೆಯ ದಿನಗಳಿಗೂ ಮನೆಯ ಮೊದಲ ಕೆಲವು ದಿನಗಳಿಗೂ ಆಯಿತು. ಆಮೇಲಿನದು ಸಂಬಳ ಕಡಿತದ ರಜೆ. ನನ್ನದು ಕಾಯಂ ಕೆಲಸ, ಹೇಗೋ ತಡೆದುಕೊಂಡೆ. ನಮ್ಮ ಜೊತೆ ಪವರ್ ಪ್ರೆಸ್ ನಡೆಸುವ ಗುತ್ತಿಗೆ ಹುಡುಗನೊಬ್ಬ ಹೆಂಡತಿಯ ಹೆರಿಗೆಯಾದ ಮರುದಿನವೇ ಪಾಳಿಗೆ ಬಂದಿದ್ದ. ಬಾರದಿದ್ದರೆ ಆ ದಿನದ ಕೂಲಿ ಇಲ್ಲ, ನಾಲ್ಕು ದಿನ ಬಾರದಿದ್ದರೆ ಅವನ ಜಾಗವೇ ಇಲ್ಲ. ಎರಡು ರಾತ್ರಿ ಕಣ್ಣು ಮುಚ್ಚದ ಹುಡುಗ ಪ್ರೆಸ್ಸಿನ ಬಾಯಿಗೆ ತಗಡು ಕೊಡುವುದನ್ನು ನೋಡುತ್ತ ನಿಲ್ಲುವುದು ಎಂಥ ಭಯ ಎಂದು ಕಾರ್ಖಾನೆಯಲ್ಲಿ ದುಡಿದವರಿಗೆ ಗೊತ್ತು. ಆ ಯಂತ್ರ ಬೆರಳನ್ನೂ ತಗಡನ್ನೂ ಬೇರೆ ಬೇರೆ ಎಂದು ನೋಡುವುದಿಲ್ಲ. ಪಿತೃತ್ವ ರಜೆ ಸುರಕ್ಷತೆಯ ಪ್ರಶ್ನೆಯೂ ಹೌದೆಂದು ನಿಮ್ಮದೇ ಇಲಾಖೆಯ ಕಾರ್ಖಾನೆ ಮತ್ತು ಬಾಯ್ಲರುಗಳ ನಿರೀಕ್ಷಕರು ಒಪ್ಪುತ್ತಾರೆಂದು ನಂಬಿದ್ದೇನೆ.

ಉದ್ಯಮಗಳಿಗೆ ಹೊರೆ ಎನ್ನುವವರಿಗೆ ನನ್ನ ಉತ್ತರ ಇದು. ಇಂದು ಮಗುವಿನ ಕಾರಣಕ್ಕೆ ರಜೆ ಹಾಕುವವಳು ಹೆಣ್ಣು ಮಾತ್ರ ಎಂಬ ಲೆಕ್ಕವಿರುವುದರಿಂದ, ಮದುವೆಯಾದ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕೆಲವರು ಹಿಂದೆಮುಂದೆ ನೋಡುತ್ತಾರೆ. ಗಂಡಸೂ ಮಗುವಾದಾಗ ರಜೆ ಹಾಕುತ್ತಾನೆ ಎಂದಾದರೆ ಆ ತಾರತಮ್ಯದ ಬೇರು ಸ್ವಲ್ಪವಾದರೂ ಸಡಿಲವಾಗುತ್ತದೆ. ಸ್ವೀಡನ್ 1974ರಲ್ಲಿಯೇ ತಾಯಿಯ ರಜೆಯನ್ನು ತಂದೆತಾಯಿ ಇಬ್ಬರ ರಜೆಯಾಗಿ ಬದಲಿಸಿದ್ದು ಇಂಥದೇ ಯೋಚನೆಯಿಂದ. ಸ್ವೀಡನ್ ಶ್ರೀಮಂತ ದೇಶ, ಅದರ ಮಾತು ಬಿಡಿ ಎನ್ನುವುದಾದರೆ ನೇಪಾಳವನ್ನು ನೋಡಿ. ಅಲ್ಲಿನ 2017ರ ಕಾರ್ಮಿಕ ಕಾಯ್ದೆ ಖಾಸಗಿ ಕೆಲಸಗಾರನಿಗೂ 15 ದಿನಗಳ ವೇತನಸಹಿತ ಪಿತೃತ್ವ ರಜೆ ಕೊಡುತ್ತದೆ. ಪಾಕಿಸ್ತಾನ ತನ್ನ ರಾಜಧಾನಿ ಪ್ರದೇಶಕ್ಕೆ 2023ರಲ್ಲಿ ತಂದ ಕಾಯ್ದೆಯಲ್ಲಿ ತಂದೆಗೆ 30 ದಿನವಿದೆ. ನಮ್ಮ ದೇಶದೊಳಗೇ ಸಿಕ್ಕಿಂ ಸರ್ಕಾರ 2023ರಲ್ಲಿ ತನ್ನ ನೌಕರರಲ್ಲಿ ತಂದೆಯಾದವರಿಗೆ ಒಂದು ತಿಂಗಳ ರಜೆ ಘೋಷಿಸಿತು. ಹೆಂಡತಿಯ ಹೆರಿಗೆಗೆಂದು ರಜೆ ಕೇಳಿದ ತಮಿಳುನಾಡಿನ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರಿಗೆ ಮಂಜೂರಾದ ರಜೆಯನ್ನು ರದ್ದುಪಡಿಸಿ ಅವರ ಮೇಲೆ ಕ್ರಮ ಕೈಗೊಂಡಾಗ, ಅದೇ ವರ್ಷ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಅವರ ನೆರವಿಗೆ ಬಂದು, ದೇಶಕ್ಕೆ ಪಿತೃತ್ವ ರಜೆಯ ಕಾನೂನು ಬೇಕೆಂದು ಹೇಳಿತು.

ರಾಜ್ಯಕ್ಕೆ ಅಧಿಕಾರ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ಕಾರ್ಮಿಕ ಕಲ್ಯಾಣ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಎಂದರೆ ಕೇಂದ್ರವೂ ರಾಜ್ಯವೂ ಅದರ ಬಗ್ಗೆ ಕಾನೂನು ಮಾಡಬಹುದು. ನವೆಂಬರ್ 1ರಂದು ಖಾಸಗಿ ಕಾರ್ಖಾನೆಗಳಿಗೂ ಸಂಬಳದ ರಜೆ ಸಿಗುತ್ತಿರುವುದು ರಾಜ್ಯದ ವಿಧಾನಮಂಡಲ 1963ರಲ್ಲಿ ಮಾಡಿದ ರಾಷ್ಟ್ರೀಯ ಹಾಗೂ ಹಬ್ಬದ ರಜೆಗಳ ಕಾಯ್ದೆಯಿಂದ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ರಜೆಗಳೂ 1961ರ ರಾಜ್ಯ ಕಾಯ್ದೆಯವೇ. ಋತುಚಕ್ರ ರಜೆಯ ಆದೇಶವನ್ನು ಉದ್ಯಮದವರು ಹೈಕೋರ್ಟಿನಲ್ಲಿ ಪ್ರಶ್ನಿಸಿರುವುದು ನಮಗೆ ತಿಳಿದಿದೆ. ಅದಕ್ಕೇ ಕೇಳುತ್ತಿದ್ದೇನೆ, ಪಿತೃತ್ವ ರಜೆಯನ್ನು ಬರಿಯ ಆದೇಶವಾಗಿ ತರಬೇಡಿ, ಮಸೂದೆಯಾಗಿಯೇ ತನ್ನಿ.

ಹಾಜರಿ ಪುಸ್ತಕವೇ ಇಲ್ಲದವರ ಗತಿ? ಇದನ್ನು ಬಿಟ್ಟು ಕಾಯ್ದೆ ಮಾಡಿದರೆ ನನ್ನಂಥವರಿಗೆ ಸಿಗುತ್ತದೆ, ನನಗಿಂತ ಹೆಚ್ಚು ಬೇಕಾದವರಿಗೆ ಸಿಗುವುದಿಲ್ಲ. ಇಲ್ಲಿಯೂ ನೀವು ಶೂನ್ಯದಿಂದ ಆರಂಭಿಸಬೇಕಿಲ್ಲ. ಆ್ಯಪ್ ಆಧಾರಿತ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ 2025ರಲ್ಲಿ ಕಾಯ್ದೆ ತಂದು, ಕಂಪನಿಗಳಿಂದ ಶೇ 1ರಿಂದ 5ರವರೆಗೆ ಶುಲ್ಕ ಸಂಗ್ರಹಿಸುವ ವ್ಯವಸ್ಥೆ ಮಾಡಿದ್ದೀರಿ. ಕಟ್ಟಡ ಕಾರ್ಮಿಕರ ಮಂಡಳಿಗೆ ಸೆಸ್ ಹಣ ಬರುತ್ತದೆ, ನೋಂದಾಯಿತ ಮಹಿಳಾ ಕಾರ್ಮಿಕರಿಗೆ ಅದರಿಂದ ಹೆರಿಗೆ ನೆರವೂ ಸಿಗುತ್ತದೆ. ಅದೇ ನಿಧಿಗಳಿಂದ, ಮಗು ಹುಟ್ಟಿದಾಗ ನೋಂದಾಯಿತ ತಂದೆಗೆ 15 ದಿನಗಳ ಕನಿಷ್ಠ ಕೂಲಿ ಅವನ ಖಾತೆಗೆ ಬರಲಿ. ಊಟದ ಡಬ್ಬಿ ಹೊತ್ತು ಬೈಕಿನಲ್ಲಿ ಓಡಾಡುವ ಹುಡುಗ, ಮೇಸ್ತ್ರಿಯ ಕೈಕೆಳಗೆ ಇಟ್ಟಿಗೆ ಹೊರುವವನು ಆ ಎರಡು ವಾರ ಮನೆಯಲ್ಲಿರಲಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯಲ್ಲಿದ್ದೇವೆ. ನಮ್ಮ ವಂತಿಗೆ ಶೇ 0.75, ಮಾಲೀಕರದು ಶೇ 3.25. ವಿಮೆ ಮಾಡಿಸಿದ ಹೆಣ್ಣಿಗೆ ಹೆರಿಗೆ ರಜೆಯ ವೇತನವನ್ನು ಆ ನಿಧಿಯೇ ಭರಿಸುತ್ತದೆ. ಗಂಡಸಿನ 15 ದಿನವನ್ನೂ ಅದಕ್ಕೆ ಸೇರಿಸಿ ಎಂದು ರಾಜ್ಯದಿಂದ ಕೇಂದ್ರಕ್ಕೆ ಒಂದು ಪತ್ರ ಹೋಗಲಿ. ಸಣ್ಣ ಮಾಲೀಕರ ದೂರೂ ಅದರಿಂದ ತಗ್ಗುತ್ತದೆ.

ರಜೆ ಕೊಟ್ಟರೆ ಗಂಡಸರು ಗೆಳೆಯರ ಜೊತೆ ತಿರುಗುತ್ತಾರೆ ಎಂಬ ಆಕ್ಷೇಪವನ್ನೂ ಕೇಳಿದ್ದೇನೆ. ಕೆಲವರು ಹಾಗೆ ಮಾಡಬಹುದು. ಆದರೆ ಸರ್ಕಾರಿ ನೌಕರರಿಗೆ ಸುಮಾರು ಮೂರು ದಶಕಗಳಿಂದ ಈ ರಜೆ ಸಿಗುತ್ತಿದೆ, ಯಾರೋ ತಿರುಗಾಡಿದರೆಂದು ಅದನ್ನು ಹಿಂದಕ್ಕೆ ಪಡೆದಿಲ್ಲ. ದತ್ತು ತೆಗೆದುಕೊಂಡ ತಂದೆಗೂ ಇದು ಸಿಗಬೇಕು. ಮಗು ಹುಟ್ಟುತ್ತಲೇ ತೀರಿಕೊಂಡರೂ ಸಿಗಬೇಕು. ಅಂಥ ಮನೆಯಲ್ಲಿ ಆ ಹೆಣ್ಣಿನ ಪಕ್ಕದಲ್ಲಿ ಗಂಡ ಇರಬೇಕಾದ ಅಗತ್ಯ ಬೇರೆಲ್ಲಕ್ಕಿಂತ ದೊಡ್ಡದು.

ಮುಂದಿನ ಅಧಿವೇಶನಕ್ಕೆ ಮುಂಚೆ ಕರಡು ಮಸೂದೆಯನ್ನು ಪ್ರಕಟಿಸಿ, ಕನ್ನಡದಲ್ಲಿ ಪ್ರಕಟಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಸಲಹೆಗಳಿಗೆ ಒಂದು ತಿಂಗಳು ಕೊಡಿ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಹೊಸ ಅಪ್ಪಂದಿರ ಸಹಿ ಸಂಗ್ರಹಿಸಿ ಕಳಿಸುವ ಹೊಣೆ ನಮ್ಮದು. ಕರಡು ಸಮಿತಿಯಲ್ಲಿ ಮಾಲೀಕರ ಸಂಘದವರ ಜೊತೆಗೆ ಒಬ್ಬ ಆಶಾ ಕಾರ್ಯಕರ್ತೆಗೂ, ಒಬ್ಬ ಗುತ್ತಿಗೆ ಕಾರ್ಮಿಕನಿಗೂ ಕುರ್ಚಿ ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಖಾಸಗಿ ಕಾರ್ಖಾನೆಯೊಂದರ ನೌಕರ